ಮರ ಹತ್ತುವ ಕಿರುಬ

ಚಳ್ಳಕೆರೆಯಲ್ಲಿ ಒಂದು ಎಸ್‌ಟಿಡಿ ಬೂತಿನಲ್ಲಿ ನಾನು ಹಲವು ವರ್ಷ ಕೂತೆ. ಜನ ಗಾಜಿನ ಗೂಡಿನೊಳಗೆ ನಿಂತು ಮಾತಾಡುತ್ತಿದ್ದರು, ನಾನು ಹೊರಗೆ ಕೂತು ಮೀಟರಿನ ಕೆಂಪು ಅಂಕಿ ಓಡುವುದನ್ನು ನೋಡುತ್ತಿದ್ದೆ. ಗಾಜು ಇದ್ದದ್ದು ಹೆಸರಿಗೆ. ಮಾತೆಲ್ಲ ಕೇಳುತ್ತಿತ್ತು. ಹೆಂಡತಿಗೆ ಹುಷಾರಿಲ್ಲ, ಆಸ್ಪತ್ರೆಯಲ್ಲಿದ್ದೇನೆ ಎಂದು ಧಣಿಗೆ ಅಳುಮೋರೆಯಲ್ಲಿ ಹೇಳಿದವನು, ಹೊರಗೆ ಬಂದು ಕ್ರಾಪು ತೀಡಿಕೊಂಡು ಗೆಳೆಯನ ಜೊತೆ ಸಿನಿಮಾಕ್ಕೆ ಹೋದದ್ದನ್ನು ಕಣ್ಣಾರೆ ಕಂಡಿದ್ದೇನೆ. ಹಾಗಾಗಿ ಯಾರ ಮಾತನ್ನೂ ಒಂದೇ ಸಲಕ್ಕೆ ನಂಬುವ ಅಭ್ಯಾಸ ನನಗಿಲ್ಲ. ಅಕ್ಕ ಇದನ್ನು ಒಪ್ಪುವುದಿಲ್ಲ. ಬೂತಿಗೆ ಸೇರುವ ಮೊದಲೂ ನಾನು ಹೀಗೇ ಇದ್ದೆನಂತೆ, ಹಾಲು ಕೊಟ್ಟರೆ ಮೊದಲು ಮೂಸಿ ನೋಡುತ್ತಿದ್ದೆನಂತೆ.

ಆ ಅಕ್ಕನ ಮದುವೆ ಒಂದು ಪ್ರಾಣಿಯ ಹೆಸರಿಗೆ ಸಿಕ್ಕಿ ಮುರಿದುಬೀಳುವುದರಲ್ಲಿತ್ತು. ಅದನ್ನು ಹೇಳುವ ಮೊದಲು ನಮ್ಮ ಮನೆಯ ಹೆಸರನ್ನು ಹೇಳಬೇಕು.

ನಮ್ಮೂರು ದೊಡ್ಡಉಳ್ಳಾರ್ತಿ. ಮನೆಗಳು ಮುಗಿದಲ್ಲಿ ಕಾವಲಿನ ಹುಲ್ಲು ಶುರುವಾಗುತ್ತದೆ. ನಮ್ಮದು ಕುರಿ ಮೇಯಿಸುವ ಮನೆ. ನಮ್ಮವರಲ್ಲಿ ಪ್ರತಿ ಮನೆತನಕ್ಕೂ ಒಂದು ಬೆಡಗು ಇರುತ್ತದೆ. ಒಬ್ಬರದು ಮರದ ಹೆಸರು, ಒಬ್ಬರದು ಕಾಳಿನ ಹೆಸರು, ಇನ್ನೊಬ್ಬರದು ಯಾವುದೋ ಪ್ರಾಣಿ. ಒಂದೇ ಬೆಡಗಿನವರು ಎಲ್ಲಿಯವರೇ ಆಗಲಿ, ಮುಖ ನೋಡದೇ ಇರಲಿ, ಅಣ್ಣ ತಂಗಿಯರ ಲೆಕ್ಕ. ಅವರೊಳಗೆ ಹೆಣ್ಣು ಕೊಡುವುದೂ ಇಲ್ಲ, ತರುವುದೂ ಇಲ್ಲ. ನಮ್ಮ ಬೆಡಗು ಕಿರುಬ.

ಕಿರುಬ ಅಂದರೆ ಯಾವುದು ಎನ್ನುವುದೇ ತಕರಾರು. ನಮ್ಮ ಕಡೆ ಹಳಬರು ಚಿರತೆಯನ್ನು ಕಿರುಬ ಎನ್ನುತ್ತಾರೆ. ಕತ್ತೆಕಿರುಬವನ್ನೂ, ಮುಂದಿನ ಕತ್ತೆಯನ್ನು ನುಂಗಿಕೊಂಡು, ಕಿರುಬ ಎನ್ನುತ್ತಾರೆ. ಒಂದು ನೋಡಲು ಚಂದ, ಹೆದರಿಕೆಯ ಜೊತೆ ಮರ್ಯಾದೆಯೂ ಉಂಟು. ಇನ್ನೊಂದಕ್ಕೆ ಮುಂದೆ ಎತ್ತರ, ಹಿಂದೆ ತಗ್ಗು, ಕತ್ತಿನ ಮೇಲೆ ಕೆದರಿದ ಕೂದಲು, ಸತ್ತ ದನದ ಮೂಳೆಯೇ ಊಟ. ಅದರ ಹೆಸರನ್ನು ಊರಿನಲ್ಲಿ ಬೈಯುವುದಕ್ಕೇ ಬಳಸುತ್ತಿದ್ದರು. ಕರೆಯದಿದ್ದರೂ ತಿಥಿಯೂಟಕ್ಕೆ ಬಂದು ಕೂರುವವನು ಕತ್ತೆಕಿರುಬ. ಒಬ್ಬನ ಹಳೆಯ ಟೆಂಪೋಗೆ ಹಿಂದಿನ ಪಟ್ಟಿ ಮುರಿದು ಹಿಂಭಾಗ ಕುಸಿದಿತ್ತು, ಅದಕ್ಕೂ ಅದೇ ಹೆಸರು. ನಮ್ಮ ಮನೆಯ ಮುಂದೆ ಅದು ಹೋಗುವಾಗ ಹುಡುಗರು ಬೇಕೆಂದೇ, "ನಿಮ್ಮ ನೆಂಟರು ಬಂದ್ರು ನೋಡ್ರಿ" ಎಂದು ಕೂಗುತ್ತಿದ್ದರು. ಅವ್ವನಿಗೆ ಮೈಯೆಲ್ಲ ಉರಿಯುತ್ತಿತ್ತು.

"ನಮ್ಮದು ಬರೀ ಕಿರುಬ. ಕತ್ತೆ ಸೇರಿಲ್ಲ" ಎಂದು ಅವಳು ಕೇಳಿದವರಿಗೂ ಹೇಳುತ್ತಿದ್ದಳು, ಕೇಳದವರಿಗೂ ಹೇಳುತ್ತಿದ್ದಳು.

ಅವ್ವನಿಗೆ ಅಷ್ಟು ಉರಿಯುವುದಕ್ಕೆ ಕಾರಣವಿತ್ತು. ಚಿಕ್ಕಂದಿನಲ್ಲಿ ಜ್ವರ ಬಂದು ಅಕ್ಕನ ಒಂದು ಕಾಲು ಸಣ್ಣಗಾಗಿತ್ತು. ನಡೆಯುವಾಗ ಸೊಂಟ ಒಂದು ಕಡೆಗೆ ಇಳಿಯುತ್ತಿತ್ತು. ಬೆಡಗಿನ ಹೆಸರೂ ಕಾಲಿನ ಕುಂಟೂ ಸೇರಿದ ಮೇಲೆ ಶಾಲೆಯ ಮಕ್ಕಳು ಸುಮ್ಮನಿರುತ್ತಾರೆಯೇ? ಅಕ್ಕ ತಲೆ ತಗ್ಗಿಸಿ ನಡೆಯುತ್ತಿದ್ದಳು, ನಾನು ಕಲ್ಲು ಬೀರುತ್ತಿದ್ದೆ. ಮದುವೆಯ ವಯಸ್ಸಿಗೆ ಬಂದ ಮೇಲೆ ಗಂಡಿನ ಕಡೆಯವರು ಬಂದರು, ಉಪ್ಪಿಟ್ಟು ತಿಂದರು, ಊರಿಗೆ ಹೋಗಿ ಹೇಳಿ ಕಳಿಸುತ್ತೇವೆ ಎಂದರು. ಯಾರೂ ಹೇಳಿ ಕಳಿಸಲಿಲ್ಲ.

ಬೆಡಗಿನ ವಿಷಯದಲ್ಲಿ ನನಗೆ ಮೊದಲು ಅನುಮಾನ ಹುಟ್ಟಿಸಿದವಳು ಅಜ್ಜಿ, ಅಪ್ಪನ ತಾಯಿ. ನಾನು ಮಾಧ್ಯಮಿಕ ಶಾಲೆಯಲ್ಲಿದ್ದಾಗ ಕಾವಲಿನ ಪಕ್ಕದ ರಸ್ತೆಯಲ್ಲಿ ಲಾರಿಗೆ ಸಿಕ್ಕಿ ಒಂದು ಕತ್ತೆಕಿರುಬ ಸತ್ತು ಬಿದ್ದಿತ್ತು. ಊರಿನವರೆಲ್ಲ ನೋಡಲು ಹೋಗಿದ್ದರು. ಕೆಲವರು ಕೋಲಿನಿಂದ ತಿವಿದು ಹಲ್ಲು ನೋಡುತ್ತಿದ್ದರು. ಅಜ್ಜಿ ಹಿಂದೆಯೇ ನಿಂತು ಒಂದು ಗಳಿಗೆ ನೋಡಿದಳು. ಕೋಲು ಹಿಡಿದವನಿಗೆ, "ಸಾಕು ಬಿಡಪ್ಪ, ಸತ್ತೈತೆ" ಎಂದಳು. ಆಮೇಲೆ ಮನೆಗೆ ಬಂದು, ಹಿತ್ತಲಿನ ಕಲ್ಲಿನ ಮೇಲೆ ಕೂತು, ಉಟ್ಟ ಸೀರೆಯಲ್ಲೇ ತಲೆಯ ಮೇಲೆ ಒಂದು ಬಿಂದಿಗೆ ತಣ್ಣೀರು ಸುರಿದುಕೊಂಡಳು.

ಯಾಕಜ್ಜಿ ಎಂದು ಕೇಳಿದೆ.

"ಸೆಕೆ ಕಣೇ" ಎಂದಳು.

ಅದು ಮಾಗಿಯ ಚಳಿ. ಅವಳ ತುಟಿ ನಡುಗುತ್ತಿತ್ತು. ಹತ್ತಿರದವರು ಸತ್ತ ಸುದ್ದಿ ಬಂದಾಗ ಮಾತ್ರ ನಮ್ಮಲ್ಲಿ ಹಾಗೆ ಸೀರೆ ಸಮೇತ ತಣ್ಣೀರು ಹಾಕಿಕೊಳ್ಳುವುದು. ನಮ್ಮವರು ಯಾರೂ ಸತ್ತಿರಲಿಲ್ಲ. ಈ ಮುದುಕಿ ಏನೋ ಮುಚ್ಚಿಡುತ್ತಿದ್ದಾಳೆ ಅಂದುಕೊಂಡೆ. ಏನು ಎಂದು ಗೊತ್ತಾಗಲಿಲ್ಲ, ಬಿಟ್ಟೆ.

ನಾನು ಬೂತಿಗೆ ಸೇರಿದ ಮೇಲೆ ಬಿ.ಜಿ. ಕೆರೆಯಿಂದ ಒಂದು ಸಂಬಂಧ ಬಂತು. ಹುಡುಗ ಲಗೇಜ್ ಆಟೋ ಓಡಿಸುತ್ತಿದ್ದ. ಮನೆಯೊಳಗೆ ತೆಲುಗು, ಹೊಸಿಲು ದಾಟಿದರೆ ಕನ್ನಡ, ಆ ಕಡೆಯ ಎಷ್ಟೋ ಮನೆಗಳ ಹಾಗೆ. ಹುಡುಗನ ಅವ್ವ ಮತ್ತು ದೊಡ್ಡಪ್ಪ ಹೆಣ್ಣು ನೋಡಲು ಬಂದರು. ಬರುವವರಿಗೆ ಕಾಲು ಕಾಣದಿರಲೆಂದು ಅವ್ವ ಅಕ್ಕನನ್ನು ಮೊದಲೇ ಚಾಪೆಯ ಮೇಲೆ ಕೂರಿಸಿದ್ದಳು. ಹುಡುಗನ ಅವ್ವ ಕಾಫಿ ಕುಡಿದು ಲೋಟ ಕೆಳಗಿಟ್ಟು, "ಒಂಚೂರು ನಡೆದು ಬಾರಮ್ಮ" ಎಂದಳು. ಅವ್ವನ ಮುಖ ಸಪ್ಪಗಾಯಿತು. ಅಕ್ಕ ಎದ್ದು ಬಾಗಿಲವರೆಗೆ ನಡೆದು ವಾಪಸು ಬಂದಳು.

ಹುಡುಗನ ಅವ್ವ ದೊಡ್ಡಪ್ಪನ ಕಡೆ ತಿರುಗಿ, "ಮನ ಇಂಟಿ ನಡಕೇ" ಎಂದು ಮೆಲ್ಲಗೆ ಅಂದಳು. ನಮ್ಮ ಮನೆಯ ನಡಿಗೆಯೇ ಅಂತ. ಅಷ್ಟು ತೆಲುಗು ನನಗೆ ಬರುತ್ತಿತ್ತು. ದೊಡ್ಡಪ್ಪ ನಕ್ಕು ತಲೆಯಾಡಿಸಿದ. ಅಲ್ಲೇ, ಎದ್ದು ಹೋಗುವ ಮೊದಲೇ, ಒಪ್ಪಿಗೆ ಎಂದುಬಿಟ್ಟರು.

ಮನೆಯವರೆಲ್ಲ ಹಿಗ್ಗಿದರು. ನನಗೆ ತಲೆಯಲ್ಲಿ ಹುಳ ಹೊಕ್ಕಿತು. ಇಷ್ಟು ಜನ ಬೇಡವೆಂದ ಕಾಲನ್ನು ಇವರು ಯಾಕೆ ಇಷ್ಟಪಡಬೇಕು? ನಮ್ಮ ಮನೆಯ ನಡಿಗೆ ಅಂದರೆ ಏನು? ಹುಡುಗನೂ ಕುಂಟನೇ? ಮೂರ್ಛೆ ಬರುತ್ತದೆಯೇ? ಇನ್ನೊಂದು ಸಂಸಾರ ಇದೆಯೇ? ಬಿ.ಜಿ. ಕೆರೆಯ ಬೂತಿನವಳ ದನಿ ನನಗೆ ಪರಿಚಯವಿತ್ತು. ಅವಳಿಗೆ ಫೋನು ಹಚ್ಚಿ ಹುಡುಗನ ಜಾತಕವನ್ನೇ ಜಾಲಾಡಿದೆ. "ಒಳ್ಳೇ ಹುಡುಗ ಕಣೇ, ಬೀಡಿ ಕೂಡ ಸೇದಲ್ಲ" ಎಂದಳು. ಇವಳು ಅವರ ನೆಂಟಳೇ ಇರಬೇಕು ಅಂದುಕೊಂಡೆ.

ಬೆಡಗಿನ ಮಾತು ಮೊದಲ ದಿನವೇ ಆಗಿತ್ತು. ಅಪ್ಪ, "ನಮ್ಮದು ಕಿರುಬ" ಎಂದಿದ್ದ. ದೊಡ್ಡಪ್ಪ, "ನಾವು ದುಮ್ಮುಲಗೊಂಡಿ ವಾರು" ಎಂದಿದ್ದ. ಎರಡು ಬೇರೆ ಬೇರೆ ಹೆಸರು, ಎಲ್ಲರಿಗೂ ಸಮಾಧಾನ. ಹೆಸರಿಗೆ ಅರ್ಥ ಇರುತ್ತದೆ ಎಂದು ಯಾರಿಗೂ ಹೊಳೆಯಲಿಲ್ಲ. ನನಗೆ ಹೊಳೆಯಿತು. ಬೂತಿನ ಮಾಲೀಕರು ಪಕ್ಕದಲ್ಲೇ ಸ್ಕೂಟರ್ ಗ್ಯಾರೇಜು ಇಟ್ಟಿದ್ದರು. ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ಕನ್ನಡ, ರಾಯದುರ್ಗದ ಗಿರಾಕಿಗಳ ಜೊತೆ ತೆಲುಗು ಮಾತಾಡುವವರು. ಅವರನ್ನು ಕೇಳಿದೆ.

"ದುಮ್ಮು ಅಂದ್ರೆ ಧೂಳು, ಬೇಟಿ" ಎಂದರು ಸ್ಪ್ಯಾನರಿನಿಂದ ತಲೆಯೆತ್ತದೆ. "ಆ ಕಡೆ ಹೋಗಿ ಬಂದ್ರೆ ಮೈಯೆಲ್ಲ ದುಮ್ಮು. ಗೊಂಡಿ ಗೊತ್ತಿಲ್ಲ. ಧೂಳಿನ ಊರಿಂದ ಬಂದೋರು ಇರ್ಬೇಕು, ಬಿಡು."

ಧೂಳಿಗೂ ಅಕ್ಕನ ಕಾಲಿಗೂ ಏನು ಸಂಬಂಧ ಎಂದು ಯೋಚಿಸಿ ಯೋಚಿಸಿ ಸಾಕಾಯಿತು.

ಒಪ್ಪು ವೀಳ್ಯದ ದಿನ ಗಂಡಿನ ಕಡೆಯವರು ಒಂದು ಟ್ರ್ಯಾಕ್ಸ್ ತುಂಬ ಬಂದರು. ಎಲೆ ಅಡಿಕೆ ಬದಲಾಯಿತು, ಅಕ್ಕನಿಗೆ ಸೀರೆ ಕೊಟ್ಟರು. ಮಧ್ಯಾಹ್ನ ಮರಿ ಕಡಿದು ಊಟ. ಪಕ್ಕದ ಮನೆಯಾತ ಬಡಿಸುತ್ತಿದ್ದ, ನಾನು ನೀರಿನ ಚೆಂಬು ಹಿಡಿದು ಅವನ ಹಿಂದೆ ಹೋಗುತ್ತಿದ್ದೆ. ದೊಡ್ಡಪ್ಪನ ಎಲೆಗೆ ಆತ ಮರ್ಯಾದೆಯಿಂದ ಮೆತ್ತನೆಯ ತುಂಡುಗಳನ್ನೇ ಹುಡುಕಿ ಹಾಕಿದ.

"ಲೇ ತಮ್ಮ, ದುಮ್ಮುಲಗೊಂಡಿ ಮನೆಯೋರಿಗೆ ಮೆತ್ತಗಿರೋದು ಹಾಕ್ತೀಯಲ್ಲೋ" ಎಂದು ದೊಡ್ಡಪ್ಪ ತಮಾಷೆ ಮಾಡಿದ. "ದುಮ್ಮು ಹಾಕಪ್ಪ, ದುಮ್ಮು."

ಬಡಿಸುವವನು ಪೆಕರನ ಹಾಗೆ ನಿಂತ. ಅವನಿಗೂ ದುಮ್ಮು ಅಂದರೆ ಧೂಳೇ. ದೊಡ್ಡಪ್ಪ ಪಕ್ಕದ ಎಲೆಯಿಂದ ಒಂದು ನಲ್ಲಿಮೂಳೆ ಎತ್ತಿ ತೋರಿಸಿದ.

"ಮೂಳೆನಾ?" ಎಂದ ಪಕ್ಕದ ಮನೆಯಾತ.

"ಹೂಂ. ಅದೂ ದುಮ್ಮೇ. ನಮ್ಮ ಬೆಡಗಿನೋನು ಮೂಳೆ ಬಿಡೋನಲ್ಲ." ಊಟ ಖುಷಿಯಾಗಿತ್ತೆಂದು ಕಾಣುತ್ತದೆ, ದೊಡ್ಡಪ್ಪ ಎಡಗೈ ಎತ್ತಿ ಆಕಾರ ತೋರಿಸತೊಡಗಿದ. "ಮುಂದೆ ಇಷ್ಟು ಎತ್ತರ, ಹಿಂದೆ ಇಷ್ಟು. ಸೊಂಟ ಇಳಿಸ್ಕೊಂಡು ನಡೀತೈತೆ. ನಮ್ಮೋರು ಅದಕ್ಕೆ ಕಲ್ಲು ಬೀರಲ್ಲ. ಆ ನಡಿಗೆ ನೋಡಿದ್ರೆ ನಮ್ಮ ಹೆಂಗಸರು ಕೈ ಮುಗೀತಾರೆ. ಎಲ್ಲಾದ್ರೂ ಸತ್ತಿದ್ದು ಗೊತ್ತಾದ್ರೆ ಮನೆಮಂದಿಯೆಲ್ಲ ತಲೆ ಮೇಲೆ ತಣ್ಣೀರು ಹುಯ್ಕೊಂತೀವಿ."

ನನ್ನ ಚೆಂಬಿನ ನೀರು ಯಾರದೋ ಎಲೆಗೆ ಚೆಲ್ಲಿತು. ಅಕ್ಕನ ನಡಿಗೆಯನ್ನು ಯಾಕೆ ಮೆಚ್ಚಿದರು ಎಂಬುದು ತಿಳಿಯಿತು. ಚಳಿಗಾಲದಲ್ಲಿ ಅಜ್ಜಿಗೆ ಯಾಕೆ ಸೆಕೆಯಾಗಿತ್ತು ಎಂಬುದೂ ಅದೇ ಗಳಿಗೆಯಲ್ಲಿ ತಿಳಿಯಿತು.

ಪಕ್ಕದ ಮನೆಯಾತನಿಗೆ ಬಾಯಿ ಸುಮ್ಮನಿರಲಿಲ್ಲ. "ಅದು ಕತ್ತೆಕಿರುಬ ಅಲ್ವೇನ್ರಿ? ಇವರದ್ದೂ ಕಿರುಬನೇ ಅಲ್ವಾ?"

"ನಮ್ಮದು ಬರೀ ಕಿರುಬ" ಎಂದು ಅಡುಗೆಮನೆಯ ಬಾಗಿಲಿನಿಂದ ಅವ್ವ ಹೇಳಿದಳು. "ಕತ್ತೆ ಸೇರಿಲ್ಲ."

ಯಾರೂ ನಗಲಿಲ್ಲ. ದೊಡ್ಡಪ್ಪ ಮೂಳೆಯನ್ನು ಎಲೆಯ ತುದಿಗೆ ಇಟ್ಟ.

"ನೋಡಮ್ಮ, ನಾನು ಜಗಳಕ್ಕೆ ಹೇಳ್ತಾ ಇಲ್ಲ. ಒಂದೇ ಬೆಡಗಾದ್ರೆ ಇವರಿಬ್ರೂ ಅಣ್ಣ ತಂಗಿ ಆಗ್ತಾರೆ. ನಾಳೆ ಗೊತ್ತಾದ್ರೆ ಅವರ ಮಕ್ಕಳನ್ನ ಯಾರೂ ಒಳಗೆ ಸೇರಿಸಲ್ಲ. ನಿಮ್ಮ ಕಿರುಬ ಮರ ಹತ್ತೋದೋ, ನೆಲ ಕೆರೆಯೋದೋ, ಅದೊಂದು ಹೇಳಿಬಿಡ್ರಿ."

ಎಲ್ಲರೂ ಅಪ್ಪನ ಮುಖ ನೋಡಿದರು. ಅಪ್ಪನ ಅಪ್ಪ ತೀರಿಕೊಂಡಾಗ ಅಪ್ಪನಿಗೆ ಇನ್ನೂ ಚಡ್ಡಿ ಹಾಕಿಕೊಳ್ಳಲು ಬರುತ್ತಿರಲಿಲ್ಲ. ಮನೆತನದ ವಿಷಯವನ್ನೆಲ್ಲ ಹೇಳಿಕೊಟ್ಟವಳು ಅಜ್ಜಿಯೇ, ಅವಳು ಕಿರುಬ ಎಂದಷ್ಟೇ ಹೇಳಿಕೊಟ್ಟಿದ್ದಳು. "ಅವ್ವನ್ನ ಕೇಳಬೇಕ್ರಿ" ಎಂದ ಅಪ್ಪ. ವೀಳ್ಯದ ಹೊತ್ತಿಗೆ ಎದುರು ಬರಬಾರದೆಂದು ಅಜ್ಜಿ ಒಳಕೋಣೆಯಲ್ಲಿದ್ದಳು. ಅಪ್ಪ ಒಳಗೆ ಹೋಗಿ ಬಂದ. "ಸೋಮವಾರ ಬರಬೇಕಂತೆ. ನೆನಪು ಮಾಡ್ಕೊಂಡು ಹೇಳ್ತಾಳಂತೆ."

ನೂರು ಕುರಿಯಲ್ಲಿ ಯಾವುದು ಯಾರ ಮರಿ, ಅದರ ತಾಯಿ ಯಾರ ಮನೆಯಿಂದ ಬಂದದ್ದು ಎಂದು ಕಣ್ಣುಮುಚ್ಚಿ ಹೇಳುವವಳಿಗೆ ಸ್ವಂತ ಮನೆಯ ಬೆಡಗು ನೆನಪು ಮಾಡಿಕೊಳ್ಳಲು ಸೋಮವಾರದವರೆಗೆ ಸಮಯ ಬೇಕಂತೆ. ಅಪ್ಪ ನಂಬಿದ. ನಾನು ನಂಬಲಿಲ್ಲ.

ಮಾರನೆಯ ದಿನ ಹಿತ್ತಲಿನಲ್ಲಿ ಅಜ್ಜಿಯನ್ನು ಒಬ್ಬಳನ್ನೇ ಹಿಡಿದೆ. "ಅವತ್ತು ರಸ್ತೇಲಿ ಅದು ಸತ್ತಾಗ ಯಾಕಜ್ಜಿ ನೀರು ಹುಯ್ಕೊಂಡೆ?"

"ಸೆಕೆ ಅಂದಿದ್ದೆನಲ್ಲೇ."

ಅಷ್ಟು ವರ್ಷದ ಹಿಂದೆ ಹೇಳಿದ್ದು ಅವಳಿಗೆ ಹಾಗೇ ನೆನಪಿತ್ತು. ನಿಜ ಹೇಳಿದವರು ಅದನ್ನೆಲ್ಲ ನೆನಪಿಟ್ಟುಕೊಳ್ಳುವುದಿಲ್ಲ ಎಂಬುದು ಬೂತಿನಲ್ಲಿ ನಾನು ಕಲಿತ ಪಾಠ.

ಅಜ್ಜಿ ನನ್ನನ್ನೇ ನೋಡುತ್ತಾ ಕೇಳಿದಳು. "ಯಾರಾದ್ರೂ ನಿನ್ನ ಕೇಳಿದ್ರೆ ಏನು ಹೇಳ್ತೀಯಾ?"

"ಸೆಕೆ ಇತ್ತು ಅಂತೀನಿ."

ಅಜ್ಜಿ ಕೈಯಲ್ಲಿದ್ದ ಕಸಬರಿಗೆಯನ್ನು ಕೊಡವಿ ಕಸ ಗುಡಿಸಲು ಶುರು ಮಾಡಿದಳು.

ಅಕ್ಕ ಮಾತ್ರ ಯಾರನ್ನೂ ಏನೂ ಕೇಳಲಿಲ್ಲ. ಅವರು ಕೊಟ್ಟ ಸೀರೆಯನ್ನು ಮಡಿಚುವುದು, ಬಿಚ್ಚುವುದು, ಮತ್ತೆ ಮಡಿಚುವುದು. ವಾಪಸು ಕೊಡಬೇಕಾದರೆ ಸುಕ್ಕಿರಬಾರದು ಎನ್ನುವ ಹಾಗಿತ್ತು. ಭಾನುವಾರ ಸಂಜೆ ನನ್ನ ಪಕ್ಕ ಕೂತು, "ಆತ ಆಟೋಗೆ ಒಂದು ಮೆಟ್ಟಿಲು ಬೆಸುಗೆ ಹಾಕ್ಸಿದಾನಂತೆ ಕಣೇ" ಎಂದಳು. "ಮುಂದಿನ ಸೀಟು ನನಗೆ ಎತ್ತರ ಆಗ್ತೈತೆ ಅಂತ."

ನಾನು ಎದ್ದು ಒಳಗೆ ಹೋದೆ. ನನಗೆ ಅಳು ತಡೆಯಲಾಗಲಿಲ್ಲ.

ಸೋಮವಾರ ದೊಡ್ಡಪ್ಪ ಮತ್ತು ಹುಡುಗನ ಅವ್ವ ಬಂದರು. ಊರಿನ ಹಿರಿಯರು ಕೆಲವರು ಕೂತಿದ್ದರು. ಪಕ್ಕದ ಮನೆಯಾತ ಕರೆಯದಿದ್ದರೂ ಬಂದಿದ್ದ. ಅಜ್ಜಿ ಒಗೆದ ಸೀರೆ ಉಟ್ಟು ಜಗಲಿಗೆ ಬಂದು ಕೂತಳು. ಅವ್ವ ಬಾಗಿಲಲ್ಲಿ ನಿಂತು ಅಜ್ಜಿಯ ಬಾಯಿಯನ್ನೇ ನೋಡುತ್ತಿದ್ದಳು. ನಾನು ಅವ್ವನನ್ನು ನೋಡುತ್ತಿದ್ದೆ. ಇವಳಿಗೆ ನಿಜವಾಗಿ ಗೊತ್ತಿಲ್ಲವೋ, ಗೊತ್ತಿದ್ದೇ ಇಷ್ಟು ವರ್ಷ ಜಂಬ ಹೊಡೆದಳೋ, ಮುಖ ನೋಡಿ ಹೇಳುವ ಹಾಗಿರಲಿಲ್ಲ.

"ಹೇಳಮ್ಮ" ಎಂದ ದೊಡ್ಡಪ್ಪ. "ನಿಮ್ಮದು ಯಾವ ಕಿರುಬ?"

"ಮರ ಹತ್ತೋದು" ಎಂದಳು ಅಜ್ಜಿ.

ನಮ್ಮ ಜಗಲಿಯಲ್ಲಿ ಕೂತರೆ ಕಾವಲು ಕಾಣುತ್ತದೆ. ಹುಲ್ಲು, ಅಲ್ಲಲ್ಲಿ ಮೊಳಕಾಲೆತ್ತರದ ಮುಳ್ಳುಕಂಟಿ, ಆಮೇಲೆ ಆಕಾಶ. ಮರಿಬೆಕ್ಕು ಹತ್ತಬಹುದಾದ ಮರವೂ ಆ ಕಡೆ ಇಲ್ಲ. ದೊಡ್ಡಪ್ಪ ಅದನ್ನೇ ಸ್ವಲ್ಪ ಹೊತ್ತು ನೋಡುತ್ತ ಕೂತ. ದೇವರ ಮುಂದೆ ಆಣೆ ಮಾಡಿ ಎನ್ನುತ್ತಾನೆ ಅಂದುಕೊಂಡೆ. ಆಣೆಯ ಮಾತು ಎತ್ತಲಿಲ್ಲ. ತಮ್ಮನ ಹೆಂಡತಿಯ ಕಡೆ ತಿರುಗಿ, "ಪೆದ್ದಮ್ಮ ಚೆಪ್ಪಿಂದಿ. ಇಂಕೇಂ ಕಾವಾಲ" ಎಂದ. ಹಿರಿಯಳು ಹೇಳಿದ್ದಾಯಿತು, ಇನ್ನೇನು ಬೇಕು ಅಂತ. ಹುಡುಗನ ಅವ್ವ ಎದ್ದು ಬಂದು ಅಜ್ಜಿಯ ಕಾಲು ಮುಟ್ಟಿದಳು, ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು. ಅವರಿಗೂ ಗೊತ್ತಿತ್ತೇ? ನನಗೆ ಇವತ್ತಿಗೂ ಅನುಮಾನ.

ಮದುವೆಯಾಯಿತು. ಅಕ್ಕ ಬಿ.ಜಿ. ಕೆರೆಗೆ ಹೋದಳು, ಎರಡು ಮಕ್ಕಳಾದವು. ಊರಿನಲ್ಲಿ ನಮ್ಮ ಮನೆಯನ್ನು ಚಿರತೆ ಮನೆ ಎಂದು ಕರೆಯುವವರು ಹುಟ್ಟಿಕೊಂಡರು, ಅದನ್ನು ಹಬ್ಬಿಸಿದವಳು ಅವ್ವನೇ ಎಂದು ನನ್ನ ಗುಮಾನಿ.

ಮೊಬೈಲು ಬಂದು ಬೂತಿಗೆ ಜನ ಕಡಿಮೆಯಾಗಿದ್ದ ಕಾಲ. ಒಂದು ಬೆಳಿಗ್ಗೆ ಅಕ್ಕನ ಫೋನು ಬಂತು. ಅವರೂರಿನ ಹತ್ತಿರ ಹೆದ್ದಾರಿಯಲ್ಲಿ ಒಂದು ಕತ್ತೆಕಿರುಬ ಸತ್ತಿತ್ತಂತೆ, ಭಾವ ಆಟೋದಲ್ಲಿ ಹೋಗಿ ಅದನ್ನು ತಂದು ಮಣ್ಣು ಮಾಡಿದರಂತೆ. "ಮನೆಯೋರೆಲ್ಲ ನೀರು ಹುಯ್ಕೊಂಡ್ವಿ. ನನಗೆ ಅತ್ತೆನೇ ಹುಯ್ದ್ರು. ಈ ಚಳೀಲಿ ಕೂದಲು ಇನ್ನೂ ಒಣಗಿಲ್ಲ ಕಣೇ" ಎಂದು ನಕ್ಕಳು.

ಅವತ್ತು ನಾನು ಮಧ್ಯಾಹ್ನವೇ ಬೂತು ಬಿಟ್ಟು ಊರಿನ ಬಸ್ ಹತ್ತಿದೆ. ಅಜ್ಜಿಯ ಮುಖ ನೋಡಬೇಕಿತ್ತು. ನಾನು ಅಂಥವಳು, ಏನು ಮಾಡಲಿ. ಅಜ್ಜಿ ಹಿತ್ತಲಿನ ಬಿಸಿಲಿನಲ್ಲಿ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದಳು. ಪಕ್ಕದ ಮನೆಯಾತ ಬೇಲಿಯ ಆ ಕಡೆ ಮೇಕೆಗೆ ಸೊಪ್ಪು ಕಟ್ಟುತ್ತಿದ್ದ. ಸುದ್ದಿಯನ್ನು ಅಜ್ಜಿಗೆ ಮಾತ್ರ ಕೇಳುವಂತೆ ಮೆಲ್ಲಗೆ ಹೇಳಿದೆ.

ಅಜ್ಜಿ ಬೀಜ ಬಿಡಿಸುವುದನ್ನು ನಿಲ್ಲಿಸಲಿಲ್ಲ. ಆದರೆ ಹಿಂಬಾಗಿಲಲ್ಲಿ ನಿಂತಿದ್ದ ಅವ್ವನಿಗೂ ಕೇಳಿಸಿತ್ತು. ಅವಳು ತೊಟ್ಟಿಯಿಂದ ಒಂದು ಬಿಂದಿಗೆ ನೀರು ತುಂಬಿ ತಂದು ಮೀಯುವ ಕಲ್ಲಿನ ಹತ್ತಿರ ಇಟ್ಟಳು. ಒಳಗೆ ಹೋಗಿ ಅಜ್ಜಿಯ ಒಗೆದ ಸೀರೆಯೊಂದನ್ನು ತಂದು ಹಗ್ಗದ ಮೇಲೆ ಹಾಕಿದಳು. ಬರೀ ಕಿರುಬ ಎಂದು ಊರೆಲ್ಲ ಸಾರಿದವಳು.

ಅಜ್ಜಿ ಸೀರೆ ನೋಡಿದಳು. "ಇದ್ಯಾಕೆ ತಂದೆ?"

"ಸೆಕೆ ಅಲ್ವಾ ಅತ್ತೆ" ಎಂದಳು ಅವ್ವ.

ಬೇಲಿಯ ಆ ಕಡೆ ಸೊಪ್ಪು ಕಟ್ಟುವ ಸದ್ದು ನಿಂತಿತ್ತು. ಅಜ್ಜಿ ಆ ಕಡೆ ಒಮ್ಮೆ ನೋಡಿ, "ನನಗೇನೂ ಸೆಕೆ ಇಲ್ಲ" ಎಂದು ಗಟ್ಟಿಯಾಗಿ ಹೇಳಿದಳು. ಕೈಬೆರಳೆಲ್ಲ ಅಂಟಂಟಾಗಿತ್ತು. ಅದನ್ನು ಸೆರಗಿಗೆ ಒರೆಸಿಕೊಂಡಳು, ಮತ್ತೆ ಒರೆಸಿಕೊಂಡಳು. ಅವಳ ಗಂಡನ ಮನೆಯದು, ಅತ್ತೆಯಿಂದ ಅವಳು ಕಲಿತದ್ದು, ಒಂದು ಬಿಂದಿಗೆ ನೀರು. ಅದು ಎರಡು ಹೆಜ್ಜೆ ದೂರದಲ್ಲಿತ್ತು. ಮೊಮ್ಮಗಳ ಸಂಸಾರಕ್ಕಾಗಿ ಅವಳು ಅದನ್ನು ಮುಟ್ಟುವ ಹಾಗಿರಲಿಲ್ಲ. ಜೀವನದಲ್ಲಿ ಮೊದಲ ಸಲ ನನಗೆ ಒಬ್ಬರ ಸುಳ್ಳನ್ನು ಕಂಡುಹಿಡಿದದ್ದಕ್ಕೆ ಸಂಕಟವಾಯಿತು.

ಸ್ವಲ್ಪ ಹೊತ್ತಾದ ಮೇಲೆ ಅಜ್ಜಿ ನನ್ನನ್ನು ಹತ್ತಿರ ಕರೆದು ಪಿಸುದನಿಯಲ್ಲಿ ಕೇಳಿದಳು. "ನಿಮ್ಮಕ್ಕ ತಲೆ ಮೇಲೆ ಹುಯ್ಕೊಂಡ್ಳಂತಾ, ಬರೀ ಕಾಲಿಗಾ?"

"ತಲೆ ಮೇಲೇನೆ ಅಜ್ಜಿ. ಸೀರೆ ಸಮೇತ."

"ಹಂಗಾರೆ ನಮ್ಮನೇದೂ ಆತು ಬಿಡು" ಎಂದು ಅಜ್ಜಿ ಮತ್ತೆ ಹುಣಸೆಹಣ್ಣಿಗೆ ಕೈ ಹಾಕಿದಳು.

ಅವ್ವ ಬಿಂದಿಗೆಯನ್ನು ಎತ್ತಿಕೊಂಡು ಹೋಗಿ ನೀರನ್ನು ಕರಿಬೇವಿನ ಗಿಡಕ್ಕೆ ಹಾಕಿದಳು.